ಅರವತ್ನಾಲ್ಕಕ್ಕೆ ಅರವತ್ನಾಲ್ಕು

ವಡಾಲ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಕನ್ನಡ ಬಳಗದ ವಾಚನಾಲಯ ಎಲ್ಲರಿಗೂ ತೆರೆದದ್ದು. ಹಾಗೆಂದು ಬಾಗಿಲ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ್ದಾರೆ. ಅದನ್ನು ಸಂಬಳವಿಲ್ಲದೆ ನೋಡಿಕೊಳ್ಳುವ ಶೆಟ್ಟೆಪ್ಪನವರಿಗೆ ವರ್ಷಕ್ಕೊಮ್ಮೆ, ವಾರ್ಷಿಕ ಸಭೆಯಲ್ಲಿ, ಮಾತಾಡಲು ಒಂದು ನಿಮಿಷ ಕೊಡುತ್ತಿದ್ದರು. ಅವರಿಗೆ ಅಷ್ಟು ಬೇಕಾಗುತ್ತಿರಲಿಲ್ಲ. ಎದ್ದು ನಿಂತು, ಅಂಗಿಯ ತುದಿ ಎಳೆದುಕೊಂಡು, "ಮಕ್ಕಳ ಕಪಾಟು. ಅರವತ್ನಾಲ್ಕಕ್ಕ ಅರವತ್ನಾಲ್ಕು ಅದಾವ್ರಿ" ಎಂದು ಹೇಳಿ ಕೂತುಬಿಡುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ಪುಸ್ತಕ ಕಳೆದಿರಲಿಲ್ಲ, ಒಂದು ಹಾಳೆ ಹರಿದಿರಲಿಲ್ಲ. ಕಳೆದ ಆರು ವರ್ಷಗಳಿಂದ ಒಂದು ಪುಸ್ತಕವೂ ಕಪಾಟಿನಿಂದ ಹೊರಗೆ ಹೋಗಿರಲಿಲ್ಲ ಎಂಬುದು ಬೇರೆ ಸಂಗತಿ. ಇವೆರಡಕ್ಕೂ ಏನಾದರೂ ಸಂಬಂಧವಿರಬಹುದು ಎಂದು ಶೆಟ್ಟೆಪ್ಪನವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವರು ಮೂವತ್ತೊಂದು ವರ್ಷ ಬಂದರಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಮಾಲು ಬಂದ ಹಾಗೇ ಇರಬೇಕು, ಎಣಿಕೆ ತಪ್ಪಬಾರದು, ಇಷ್ಟೇ ಅವರಿಗೆ ಗೊತ್ತಿದ್ದ ಧರ್ಮ. ವಿಜಯಪುರದ ಕಡೆಗೆ ಹೋದಾಗಲೆಲ್ಲ ಮಕ್ಕಳ ಪುಸ್ತಕ ನಾಲ್ಕೈದು ತರುತ್ತಿದ್ದರು. ಮೇಲಿನ ಹಲಗೆಯಲ್ಲಿಟ್ಟರೆ ಮೂಲೆ ಮಡಚೀತು ಎಂದು ರೈಲಿನಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಬಂದವರೇ, ಯಾರ ಕಣ್ಣಿಗೂ ಬೀಳುವ ಮೊದಲು, ಖಾಕಿ ಕಾಗದದ ಕವರ್ ಹಾಕಿ, ಮೇಲೆ ನಂಬರ್ ಬರೆದು, ಗಾಜಿನ ಬಾಗಿಲಿನ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಹಾಗಾಗಿ ಗಾಜಿನ ಹಿಂದೆ ಅರವತ್ನಾಲ್ಕು ಖಾಕಿ ಪುಸ್ತಕಗಳು ಕವಾಯತಿಗೆ ನಿಂತಿದ್ದವು. ಯಾವುದಾದರೂ ಮಗು ಬೆರಳು ತೋರಿಸಿ "ಅದು ಏನು?" ಎಂದರೆ "ನಲವತ್ತೊಂದನೇ ನಂಬರ್" ಎನ್ನುವರು. "ಅದರಾಗ ಏನೈತಿ?" ಎಂದು ಕೇಳಿದರೆ "ಇಪ್ಪತ್ನಾಲ್ಕು ಪುಟ ಅದಾವ" ಎನ್ನುವರು. ಮಗು ಹೊರಗೆ ಹೋಗಿ ಕ್ರಿಕೆಟ್ ಆಡುತ್ತಿತ್ತು.

ಆ ಕ್ರಿಕೆಟ್ಟೇ ಕಪಾಟಿಗೆ ಮುಳುವಾಯಿತು. ಬಳಗದ ತಂಡ ಎರಡು ವರ್ಷದಲ್ಲಿ ಹನ್ನೊಂದು ಶೀಲ್ಡ್ ಗೆದ್ದು, ಇಡಲು ಜಾಗವಿಲ್ಲದೆ ಎಲ್ಲವೂ ನೆಲದ ಮೇಲಿದ್ದವು. ಕಾರ್ಯದರ್ಶಿಯ ಹೆಸರು ಶ್ರೀಮಂತ ಬೆಳಗಾವಿ, ದಾದರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕಹಿ ಮಾತನ್ನೂ ಗಿರಾಕಿಗೆ ಸೀರೆ ತೋರಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು.

"ಶೆಟ್ಟೆಪ್ಪ ಕಾಕಾ, ಗಾಜಿನ ಬಾಗಲಾ ಇರೋದು ನಿಮ್ಮ ಕಪಾಟಿಗೆ ಒಂದಕ್ಕ. ಶೀಲ್ಡು ನಾಕ್ ಮಂದಿ ನೋಡೋವಂಥಾವು. ಪುಸ್ತಕಾ ಡಬ್ಬಿಯೊಳಗ ತುಂಬಿ ಅಟ್ಟದ ಮ್ಯಾಲ ಇಡೂಣು. ಎಲ್ಲಿ ಹೋಗ್ತಾವು?"

ಅಟ್ಟದ ಮೇಲೆ ಬಳಗದ ಹಾರ್ಮೋನಿಯಂ ಇತ್ತು, ಒಡೆದ ಕೇರಂ ಬೋರ್ಡ್ ಇತ್ತು, ಹಿಂದಿನ ಮೂವರು ಅಧ್ಯಕ್ಷರ ಫೋಟೋಗಳಿದ್ದವು. ಹತ್ತಿದ್ದು ಯಾವುದೂ ಇಳಿದಿರಲಿಲ್ಲ.

"ಮಕ್ಕಳು ಓದೂವು ಅದಾವ, ಶ್ರೀಮಂತಪ್ಪ."

"ಎಲ್ಲಿ ಓದ್ತಾರ್ರಿ ಕಾಕಾ? ನಾಕ್ ಐತವಾರ ಟೈಮ್ ಕೊಡ್ತೀನಿ. ಪುಸ್ತಕಾ ಹೊರಗ ಹೋಗಿದ್ದು ತೋರಸ್ರಿ, ಕಪಾಟು ನಿಮ್ಮದ."

ಮೊದಲ ಭಾನುವಾರ ಶೆಟ್ಟೆಪ್ಪನವರು ಬೋರ್ಡಿನ ಮೇಲೆ 'ಮಕ್ಕಳ ಚಟುವಟಿಕೆ' ಎಂದು ಬರೆದರು. ಚಟುವಟಿಕೆ ಎಂದರೆ ಪುಸ್ತಕವನ್ನು ಹೇಗೆ ಕಾಪಾಡಬೇಕು ಎಂಬ ಬಗ್ಗೆ ಮುಕ್ಕಾಲು ತಾಸಿನ ಭಾಷಣ. ಕೈ ತೊಳೆಯಬೇಕು, ಮೂಲೆ ಮಡಚಬಾರದು, ಬೆರಳಿಗೆ ಎಂಜಲು ಹಚ್ಚಬಾರದು. ಐದು ಮಕ್ಕಳು ಬಂದಿದ್ದರು. ಕೊನೆಯವರೆಗೆ ಉಳಿದವಳು ಒಂಬತ್ತು ವರ್ಷದ ಸೋನಾಲಿ ಒಬ್ಬಳೇ. ಅವಳು ಅವರ ಮೊಮ್ಮಗಳು, ಮನೆಗೆ ಹೋಗಲು ಅಜ್ಜನೇ ಬೇಕಾಗಿತ್ತು.

ಎರಡನೆಯ ಭಾನುವಾರ ತಮಗೆ ಬರುವ ಇನ್ನೊಂದು ವಿದ್ಯೆಯನ್ನು ಕಲಿಸಲು ಹೊರಟರು, ಪುಸ್ತಕಕ್ಕೆ ಕವರ್ ಹಾಕುವುದು. ಸೋನಾಲಿ ಬಿಲ್ಡಿಂಗಿನ ಗೆಳತಿಯರನ್ನು ಎಳೆದುಕೊಂಡು ಬಂದಿದ್ದಳು. ವಾಚನಾಲಯದ ಹಿಂದುಗಡೆ ಕಟ್ಟುತ್ತಿದ್ದ ಟವರಿನ ಕೂಲಿಗಳ ಮಕ್ಕಳು, ಫ್ಯಾನಿನ ಗಾಳಿ ಕಂಡು, ಬಾಗಿಲ ಬಳಿ ಬಂದು ಕೂತರು. ಹೊಸ ಕವರ್ ಹಾಕಬೇಕಾದರೆ ಹಳೆಯದನ್ನು ತೆಗೆಯಬೇಕಲ್ಲ, ಸೋನಾಲಿ ನಲವತ್ತೊಂದನೆಯದರ ಖಾಕಿ ಬಿಚ್ಚಿದಳು. ಒಳಗೆ ನೀಲಿ ಬಣ್ಣದ ಒಂದು ಆನೆ, ನಾಲ್ಕೂ ಕಾಲಿಗೆ ನಾಲ್ಕು ಬಗೆಯ ಚಪ್ಪಲಿ ಹಾಕಿಕೊಂಡು ನಿಂತಿತ್ತು.

"ಅಜ್ಜಾ! ಇಸ್‌ಮೆ ಹಾಥೀ ಥಾ! ನೀ ಹೇಳೇ ಇಲ್ಲ!"

"ಇತ್ತು. ಮುಚ್ಚು ಅದನ್ನ," ಎಂದರು ಶೆಟ್ಟೆಪ್ಪನವರು.

ಮುಚ್ಚಿದ್ದಾಯಿತು. ಆದರೆ ಹತ್ತು ನಿಮಿಷಕ್ಕೆ ಎಲ್ಲ ಪುಸ್ತಕಗಳೂ ಮತ್ತೆ ಒಂದೇ ತರಹ ಕಂಡು, ಆನೆ ಯಾವುದರಲ್ಲಿದೆ ಎಂದು ಯಾರಿಗೂ ತಿಳಿಯದೆ ಜಗಳ ಹತ್ತಿತು. ಸೋನಾಲಿ ಹುಡುಕಿ ತೆಗೆದವಳೇ, ಸ್ಕೆಚ್ ಪೆನ್ನಿನಿಂದ ಖಾಕಿಯ ಮೇಲೆ ದೊಡ್ಡದೊಂದು ಆನೆ ಬರೆದುಬಿಟ್ಟಳು. ಶೆಟ್ಟೆಪ್ಪನವರ ಬಾಯಿ ತೆರೆಯಿತು. ಬಳಗದ ಸ್ವತ್ತಿನ ಮೇಲೆ ಗೀಚುವುದು! ಬೈಯಬೇಕು ಎನ್ನುವಷ್ಟರಲ್ಲಿ ಅಟ್ಟ ನೆನಪಾಗಿ ಬಾಯಿ ಮುಚ್ಚಿದರು.

ಈಗ ಉಳಿದ ಮಕ್ಕಳಿಗೂ ಚಿತ್ರ ಬರೆಯಬೇಕು. ಬರೆಯಬೇಕಾದರೆ ಒಳಗೆ ಏನಿದೆ ಎಂದು ಗೊತ್ತಾಗಬೇಕು. ಬಿಲ್ಡಿಂಗಿನ ಮಕ್ಕಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಶೆಟ್ಟೆಪ್ಪನವರೇ ಓದಬೇಕಾಯಿತು. ಅವರು ಜೀವಮಾನದಲ್ಲಿ ಗಟ್ಟಿಯಾಗಿ ಓದಿದ್ದು ಮಾಲಿನ ಪಟ್ಟಿಯನ್ನು ಮಾತ್ರ. "ಆನೆ, ಒಂದು. ಸಂತೆಗೆ ಹೋಯಿತು. ಚಪ್ಪಲಿ ಬೇಕು. ನಾಲ್ಕು. ಅಂದರೆ ಎರಡು ಜೋಡಿ." ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಟವರಿನ ಕಡೆಯ, ಮನೆಮಾತು ಕನ್ನಡವೇ ಆದ ಶಿವಕುಮಾರಿ ಎಂಬ ಹತ್ತು ವರ್ಷದ ಹುಡುಗಿ ತಿಳಿಯದವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು, ಹೇಳುತ್ತ ಹೇಳುತ್ತ ಆನೆಗೆ ಒಬ್ಬ ತಂಗಿಯನ್ನೂ ಸೇರಿಸಿದಳು. ಪುಸ್ತಕದಲ್ಲಿಲ್ಲದ ಆನೆ ಇದು ಎಂದು ಶೆಟ್ಟೆಪ್ಪನವರು ಆಕ್ಷೇಪಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ಭಾನುವಾರ ಮೂವತ್ತೆರಡು ಮಕ್ಕಳು ಬಂದರು. ತಾವೇ ಚಿತ್ರ ಬರೆದ ಪುಸ್ತಕವನ್ನು ಮನೆಗೆ ಒಯ್ದು ಅಮ್ಮನಿಗೆ ತೋರಿಸದೆ ಬಿಡುವುದಿಲ್ಲ ಎಂದು ಎಲ್ಲರೂ ಹಟ ಹಿಡಿದರು. ಶೆಟ್ಟೆಪ್ಪನವರು ತಲಾ ಎರಡರಂತೆ ಕೊಟ್ಟರು. ಕೊಡುವಾಗ ಒಂದೊಂದನ್ನೂ ಕೊಂಚ ಹೊತ್ತು ಹೆಚ್ಚಾಗಿಯೇ ಹಿಡಿದುಕೊಂಡಿದ್ದರು, ಮಕ್ಕಳು ಎಳೆದುಕೊಳ್ಳಬೇಕಾಯಿತು. ರಿಜಿಸ್ಟರಿನಲ್ಲಿ ಶಿವಕುಮಾರಿಯ ವಿಳಾಸದ ಕಾಲಮ್ಮಿಗೆ ಬಂದಾಗ ಯೋಚಿಸಿ, 'ಹಿಂದಿನ ಟವರ್, ಆರನೇ ಮಾಳಿಗೆ, ಇನ್ನೂ ಕಟ್ಟುತ್ತಿದ್ದಾರೆ' ಎಂದು ಬರೆದುಕೊಂಡರು. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ. ಅವರಿಗೆ ಭಯವಾಗಿತ್ತು.

ನಾಲ್ಕನೆಯ ಭಾನುವಾರ ಮಕ್ಕಳಿಗಿಂತ ಮೊದಲೇ ಶ್ರೀಮಂತರು ಬಂದರು. ಜೊತೆಗೆ ತಂಡದ ಇಬ್ಬರು ಆಟಗಾರರು ಶೀಲ್ಡುಗಳನ್ನು ಹೊತ್ತು ನಿಂತಿದ್ದರು. ಶೆಟ್ಟೆಪ್ಪನವರು ರಿಜಿಸ್ಟರ್ ಬಿಚ್ಚಿ ಮುಂದಿಟ್ಟರು. ಅರವತ್ನಾಲ್ಕು ಸಾಲು, ಅರವತ್ನಾಲ್ಕು ಸಹಿ. ಆಮೇಲೆ ಕಪಾಟಿನ ಕೀಲಿ ತೆಗೆದು, ಹೆಮ್ಮೆಯಿಂದ, ಎರಡೂ ಬಾಗಿಲು ತೆರೆದು ತೋರಿಸಿದರು.

"ಶಾಬ್ಬಾಸ್ ಕಾಕಾ!" ಶ್ರೀಮಂತರಿಗೆ ನಿಜಕ್ಕೂ ಸಂತೋಷವಾಗಿತ್ತು. "ಒಂದೂ ಉಳದಿಲ್ಲಲ್ಲ! ಹಂಗಾರ ಇನ್ನ ಕಪಾಟಿಂದ ಏನ್ ಕೆಲಸ ಐತ್ರಿ ನಿಮಗ? ಖಾಲೀನ ಐತಿ." ಆಟಗಾರರ ಕಡೆ ತಿರುಗಿ, "ಇಡ್ರೋ," ಎಂದರು.

ಖಾಲಿಯಾದ ಜಾಗವನ್ನು ಬೇರೆ ಮಾಲಿಗೆ ಕೊಡಬೇಕು, ಅದು ಗೋದಾಮಿನ ನಿಯಮ, ಶೆಟ್ಟೆಪ್ಪನವರೇ ಮೂವತ್ತೊಂದು ವರ್ಷ ಅದನ್ನು ನಡೆಸಿದ್ದರು. ಹನ್ನೊಂದು ಶೀಲ್ಡುಗಳು ಒಳಗೆ ಹೋಗುವುದನ್ನು ನೋಡುತ್ತ ನಿಂತರು. ಕೀಲಿಕೈಯನ್ನು ಶ್ರೀಮಂತರ ಕೈಗೆ ಕೊಟ್ಟು, ಯಾವ ಶೀಲ್ಡಿಗೂ ಕವರ್ ಇಲ್ಲ, ಧೂಳು ಕೂರುತ್ತದೆ ಎಂದು ಮಾತ್ರ ಹೇಳಿದರು.

ಹತ್ತು ಗಂಟೆಗೆ ಮಕ್ಕಳು ಪುಸ್ತಕ ವಾಪಸು ತಂದರು. ಶೆಟ್ಟೆಪ್ಪನವರು ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು, ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ವಾಪಸ್ ತಗೊಳ್ಳಾಕ ಬರಂಗಿಲ್ಲ," ಎಂದರು. "ಇಡಾಕ ಜಾಗಾ ಇಲ್ಲ. ನೀ ತಂದದ್ದು ಇನ್ನೊಬ್ಬರು ಒಯ್ಯಬೇಕು, ಅವರದು ನೀ ಒಯ್ಯಬೇಕು. ಒಂದೂ ಇಲ್ಲಿ ಉಳೀಬಾರದು."

ಮಕ್ಕಳಿಗೆ ಇದೇ ಆ ದಿನದ ಚಟುವಟಿಕೆ ಎನಿಸಿತು. ಅರ್ಧ ತಾಸಿನ ಗದ್ದಲದಲ್ಲಿ ಪುಸ್ತಕಗಳು ಕೈ ಬದಲಾದವು. ನಲವತ್ತೊಂದನೇ ನಂಬರ್ ತಂದವಳು ಶಿವಕುಮಾರಿ. ಹನ್ನೆರಡನೇ ಪುಟ ಹರಿದಿತ್ತು. ಹರಿದಲ್ಲಿ, ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು. ಹದಿನಾರನೇ ಪುಟದಲ್ಲಿ ಅರಿಸಿನದ ಬೆರಳಿನ ಗುರುತು.

"ನಮ್ಮ ತಮ್ಮ ಆನೀಗ ಉಣಸಾಕ ಹೋಗಿದ್ದ," ಎಂದಳು ಅವಳು, ನೆಲ ನೋಡುತ್ತ.

ಶೆಟ್ಟೆಪ್ಪನವರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ರಿಜಿಸ್ಟರಿನ ಕೊನೆಯ ಕಾಲಂ 'ಮಾಲಿನ ಸ್ಥಿತಿ'. ಹಾಳಾಗಿದ್ದರೆ 'ಹಾನಿ' ಎಂದು ಬರೆಯಬೇಕು, ಆ ನಿಯಮ ಮಾಡಿದವರೂ ಅವರೇ. ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ದುಂಡಗೆ 'ಓದಲಾಗಿದೆ' ಎಂದು ಬರೆದು, ಪುಸ್ತಕವನ್ನು ಸೋನಾಲಿಯ ಕೈಗೆ ಕೊಟ್ಟರು.

ಡಿಸೆಂಬರಿನಲ್ಲಿ ವಾರ್ಷಿಕ ಸಭೆ ಸೇರಿತು. ಹಿಂದಿನ ಕಪಾಟಿನಲ್ಲಿ ಶೀಲ್ಡುಗಳು ಹೊಳೆಯುತ್ತಿದ್ದವು. ಶ್ರೀಮಂತರು ಮೈಕಿನಲ್ಲಿ, "ಈಗ ಮಕ್ಕಳ ಪುಸ್ತಕದ್ದು. ಶೆಟ್ಟೆಪ್ಪ ಕಾಕಾ, ಎಷ್ಟು ಅದಾವ್ರಿ?" ಎಂದು ವಾಡಿಕೆಯಂತೆ ಕೇಳಿದರು.

ಶೆಟ್ಟೆಪ್ಪನವರು ಎದ್ದು ನಿಂತು ಅಂಗಿಯ ತುದಿ ಎಳೆದುಕೊಂಡರು.

"ಅರವತ್ನಾಲ್ಕರಾಗ," ಎಂದರು, "ಒಂದೂ ಇಲ್ರಿ."

ಶೆಟ್ಟೆಪ್ಪನವರು ಸ್ವಲ್ಪ ಹೊತ್ತು ಕಾದರು. ಯಾರೂ ಚಪ್ಪಾಳೆ ತಟ್ಟುವ ಲಕ್ಷಣ ಕಾಣದಿದ್ದಾಗ, ತಾವೇ ಎರಡು ಸಲ ತಟ್ಟಿ ಕೂತುಕೊಂಡರು.