ಗೆದ್ದ ಗಾಡಿ

"ಯಾವನವನು? ಇಂಥಾ ನಿನ್ನ ಮೇಲೂ ಮನಸಾಯ್ತಲ್ಲ ಆ ಪುಣ್ಯಾತ್ಮಂಗೆ!" ಅಂದಳು ನರ್ಸು.

ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಬಸುರಿಯರು ನಕ್ಕರು. ನಗದೆ ಇದ್ದರೆ ತಮ್ಮ ಸರದಿ ಬಂದಾಗ ನರ್ಸಮ್ಮ ಏನನ್ನುತ್ತಾಳೋ ಎಂಬ ಹೆದರಿಕೆ ಅವರಿಗೆ. ಎನಿಫಾ ಸಿಮೆಂಟು ನೆಲದ ಮೇಲಿದ್ದಳು. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎರಡು ಕಾಲೂ ಒಣಗಿದ್ದವು. ಎರಡು ಕೈಗೂ ರಬ್ಬರಿನ ಚಪ್ಪಲಿ ಹಾಕಿಕೊಂಡು, ಅಂಗೈ ಊರಿ ಮೈ ಎಳೆದುಕೊಂಡೇ ಆಕೆ ಇಪ್ಪತ್ತೆಂಟು ವರ್ಷ ನಡೆದಿದ್ದಳು. ಈಗ ಎಂಟು ತಿಂಗಳ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

"ನನ್ನ ಗಂಡ ವೈಸನ್ನು. ಟೀ ತೋಟದಲ್ಲಿ ಸೊಪ್ಪು ಕೀಳ್ತಾನೆ" ಅಂದಳು.

"ಅವನಿಗೆ ಕಣ್ಣು ಕಾಣಿಸುತ್ತಾ?"

"ಕಾಣ್ತದೆ ಸಿಸ್ಟರಮ್ಮ."

"ಹೂಂ. ತೂಕದ ಮೇಲೆ ಹತ್ತು."

"ನಿಂತ್ಕಳಾಕೆ ಆಗಾಕಿಲ್ಲ. ಕುಂತ್ಕಳ್ಳಾ?"

"ಅದು ನಿಲ್ಲೋ ಯಂತ್ರ. ನಿನ್ನ ಕುಂಡೆಯ ಧೂಳೆಲ್ಲ ಅದರ ಮೇಲೆ ಬೇಡ." ನರ್ಸು ಎನಿಫಾಳ ಆಸ್ಪತ್ರೆ ಪುಸ್ತಕದಲ್ಲಿ ತೂಕದ ಜಾಗಕ್ಕೆ ಒಂದು ಗೀಟು ಎಳೆದಳು. ಪರೀಕ್ಷೆಯ ಮಂಚ ಎದೆಯೆತ್ತರಕ್ಕಿತ್ತು. ಎತ್ತಿ ಕೂರಿಸುವವರು ಯಾರೂ ಇಲ್ಲದ್ದರಿಂದ ನೆಲದ ಮೇಲೆಯೇ ಗೋಣಿ ಹಾಸಿ ಹೊಟ್ಟೆ ಮುಟ್ಟಿ ನೋಡಿದಳು. ಕೆಲಸ ಗೊತ್ತಿದ್ದ ಹೆಂಗಸು ಆಕೆ. ಕೈ ತಪ್ಪಲಿಲ್ಲ, ಬಾಯಿಯೂ ಸುಮ್ಮನಿರಲಿಲ್ಲ.

"ಸೊಂಟ ಕಿರಿದು. ಕುಯ್ದೇ ತೆಗೀಬೇಕು. ಹೋದ ಸಲ ಏನಾಯ್ತು ನೆನಪಿದೆ ತಾನೆ? ಬೋಮಾ ಪಟ್ಟಣದ ದೊಡ್ಡಾಸ್ಪತ್ರೆಗೆ ಈಗ್ಲೇ ಹೋಗಿ, ಹೆರೋವರೆಗೂ ಅಲ್ಲೇ ಇರು. ಬಸುರಿಯರಿಗೆ ಅಂತ ಅಲ್ಲೊಂದು ಛತ್ರ ಇದೆ."

"ಎಂಗೆ ವೋಗ್ಲಿ?"

"ಇಲ್ಲಿಗೆ ಹೇಗೆ ಬಂದೆ? ಹಾಗೇ."

"ಅದು ಹದಿನಾರು ಕಿಲೋಮೀಟರು ಸಿಸ್ಟರಮ್ಮ. ಆಂಬುಲೆನ್ಸು..."

"ನೋವು ಬಂದ್ಮೇಲೆ ಫೋನ್ ಮಾಡು. ಪೆಟ್ರೋಲಿದ್ರೆ ಬರುತ್ತೆ. ಮುಂದಿನವರು!"

ಹೋದ ಸಲ ನೋವು ಬಂದಮೇಲೆಯೇ ಫೋನ್ ಮಾಡಿದ್ದರು. ಪೆಟ್ರೋಲಿರಲಿಲ್ಲ. ಮಿನಿಬಸ್ಸಿನ ಕಂಡಕ್ಟರು ಇವಳನ್ನು ನೋಡಿ, ಇದನ್ನು ಸೀಟಿಗೆ ಹಾಕ್ಬೇಕೋ ಲಗೇಜಿಗೆ ಹಾಕ್ಬೇಕೋ ಅಂತ ಕೇಳಿ, ಉತ್ತರ ಬರುವ ಮೊದಲೇ ಬಾಗಿಲೆಳೆದುಕೊಂಡಿದ್ದ. ವೈಸನ್ ತೋಟದ ಗೊಬ್ಬರ ಹೊರುವ ಒಂಟಿಗಾಲಿ ತಳ್ಳುಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಹೊರಟ. ಒಂಬತ್ತನೆಯ ಕಿಲೋಮೀಟರಿನಲ್ಲಿ ಗಂಡುಮಗು ಹುಟ್ಟಿತು. ಅಳಲಿಲ್ಲ. ಅಲ್ಲಿಂದ ತಿರುಗಿ ಬಂದರು. ಕೇಳದೆ ತಳ್ಳುಗಾಡಿ ಒಯ್ದದ್ದಕ್ಕೆ ವೈಸನ್‌ಗೆ ಎರಡು ದಿನದ ಕೂಲಿ ಹೋಯಿತು.

ಎನಿಫಾಳ ಕೆಲಸ ಟೀ ಕಾರ್ಖಾನೆಯ ಹಿಂದಿನ ಷೆಡ್ಡಿನಲ್ಲಿ. ಒಣಗಿದ ಟೀಯಿಂದ ಕಡ್ಡಿ ಆರಿಸುವುದು. ಹನ್ನೆರಡು ಹೆಂಗಸರು ಕಾಲು ಚಾಚಿಕೊಂಡು ಕೂರುತ್ತಿದ್ದರು. ಅಲ್ಲಿ ಕೂತಾಗ ಎಲ್ಲರ ಎತ್ತರವೂ ಒಂದೇ. ಆ ಬುಧವಾರ ತೋಟದ ಮೇಸ್ತ್ರಿ ಮಾಕಿನಾ ಬಂದ. ಜನ ಅವನನ್ನು ಕಪಿತಾವೊ ಎನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಬೆತ್ತದಿಂದ ತೋರಿಸಿದ.

"ಏ ಕುಂಟಿ. ಶನಿವಾರ ನೀನು ಓಡ್ಬೇಕು."

ಷೆಡ್ಡಿಗೆ ಷೆಡ್ಡೇ ನಕ್ಕಿತು. ಎನಿಫಾಳೂ ನಕ್ಕಳು.

"ಯಾವ ಕಾಲಲ್ಲಿ ಕಪಿತಾವೊ? ನಿಮ್ದು ಕೊಡ್ತೀರಾ?"

"ಬಾಯಿ ಮುಚ್ಚೇ. ಪಟ್ಟಣದಿಂದ ದೊಡ್ಡೋರು ಬರ್ತಾ ಅವ್ರೆ. ಬಿಳೀ ಹೆಂಗಸೊಬ್ಳು ಬರ್ತಾ ಅವ್ಳೆ. ಅಂಗವಿಕಲರ ಆಟೋಟ. ಕೈಯಲ್ಲಿ ತಿರುಗ್ಸೋ ಮೂರುಗಾಲಿ ಗಾಡಿ ಅವ್ರೇ ತರ್ತಾರೆ. ಗೆದ್ದೋರಿಗೆ ಗಾಡಿನೇ ಬಹುಮಾನ." ಆಮೇಲೆ ಅವಳ ಹೊಟ್ಟೆ ನೋಡಿದ. "ಅದನ್ನ ಬಟ್ಟೇಲಿ ಸುತ್ಕೊಂಡು ಬಾ. ಫೋಟೋದಲ್ಲಿ ಕಾಣಿಸ್ಬಾರ್ದು."

ಅವನು ಹೋದ ಮೇಲೆ ಪಕ್ಕದಲ್ಲಿದ್ದ ಮುದುಕಿ ಡೋರಿಕಾ ಕೇಳಿದಳು, "ವೋಯ್ತೀಯೇನೇ? ಕೂಸಿಗೆ ಏನಾರ ಆದ್ರೆ?"

"ವೋಗ್ದಿದ್ರೂ ಏನಾರ ಆಯ್ತದೆ ಕಣವ್ವ. ಗಾಡಿ ಸಿಕ್ರೆ ಬೋಮಾಕ್ಕೆ ನಾನೇ ವೋಯ್ತೀನಿ. ಅದೂ ಅಲ್ದೆ, ಕೂಸು ಬದುಕ್ಕತು ಅಂತಿಟ್ಕೋ. ನಾನು ನಡ್ಯೋದೇ ಕೈಯಲ್ಲಿ. ಕೂಸನ್ನ ಎತ್ಕಳಾದು ಯಾವುದ್ರಲ್ಲಿ?"

ಡೋರಿಕಾ ಮತ್ತೆ ಕಡ್ಡಿ ಆರಿಸತೊಡಗಿದಳು. ಅಷ್ಟು ದೂರ ಅವಳು ಯೋಚಿಸಿರಲಿಲ್ಲ.

ಶನಿವಾರ ಫುಟ್‌ಬಾಲ್ ಮೈದಾನದಲ್ಲಿ ಬಟ್ಟೆಯ ಫಲಕ ಕಟ್ಟಿದ್ದರು: 'ಆರೋಗ್ಯ, ಶಾಲೆ, ಆಟ – ಯಾರೂ ಹೊರಗಲ್ಲ.' ಎನಿಫಾ ಅದನ್ನು ಓದಿದಳು. ಶಾಲೆಯ ಪಾಯಿಖಾನೆಗೆ ತಾನೇ ಹೋಗಲಾರಳು ಅಂತ ಮೇಷ್ಟ್ರು ಅವಳನ್ನು ಸೇರಿಸಿಕೊಂಡಿರಲಿಲ್ಲ. ಕಿಟಕಿಯ ಹೊರಗೆ ನಾಲ್ಕು ವರ್ಷ ಕೂತು ಓದು ಕಲಿತಿದ್ದಳು. ಮಳೆ ಬಂದ ದಿನಗಳ ಪಾಠ ಮಾತ್ರ ಬರುತ್ತಿರಲಿಲ್ಲ.

ಸೊಪ್ಪು ಕೀಳುವವರನ್ನೆಲ್ಲ ಚಪ್ಪಾಳೆ ತಟ್ಟಲು ಸಾಲಾಗಿ ನಿಲ್ಲಿಸಿದ್ದರು. ವೈಸನ್ ಅವರ ನಡುವೆ ಇದ್ದ. ಕೆಂಪು ಗಾಡಿಗಳು ಮೂರು. ಓಡುವವರು ಇಬ್ಬರೇ ಸಿಕ್ಕಿದ್ದರು: ಎನಿಫಾ, ಮತ್ತೆ ಗಡಿಯಾಚೆ ನೆಲಬಾಂಬಿಗೆ ಕಾಲು ಕೊಟ್ಟಿದ್ದ ಕಲಿಂಡೆ ಅಜ್ಜ. ಮೂರನೆಯದಕ್ಕೆ ಕುರುಡ ಡಾಮ್ಸನ್‌ನನ್ನು ಕರೆತಂದು ಕೂರಿಸಿದರು.

"ನನ್ನ ಕಾಲು ಗಟ್ಟಿಗವೆ ಸಾಮಿ" ಅಂದ ಡಾಮ್ಸನ್. "ಇಲ್ದೇ ಇರಾದು ಕಣ್ಣು."

"ಮೂರು ಗಾಡಿ ಇವೆ, ಮೂರು ಜನ ಬೇಕು. ಕೂತ್ಕೊಳ್ಳಪ್ಪ" ಅಂದರು ಗೊಂಡ್ವೆ ಸಾಹೇಬರು. ಕಾರ್ಯಕ್ರಮ ಅವರದ್ದು. ಬಿಳಿ ಅಂಗಿ, ಬಾಯಿಗೆ ಹಿಡಿದ ಮೈಕು. "ಗೆದ್ದವರಿಗೆ ಗಾಡಿ!" ಅಂತ ಮೂರು ಸಲ ಕೂಗಿದರು.

ಸೀಟಿ ಊದಿದರು. ಡಾಮ್ಸನ್ ನೇರವಾಗಿ ಹೋಗಿ ಬ್ಯಾಂಡಿನವರ ಮೇಲೆ ಬಿದ್ದ. ಕಲಿಂಡೆ ಅಜ್ಜ ಎಲ್ಲರಿಗೂ ಕೈ ಬೀಸುತ್ತ ನಿಧಾನವಾಗಿ ಬಂದ. ಎನಿಫಾಳ ತೋಳು ಮರಗೆಲಸದವನ ತೋಳಿನಂತಿದ್ದವು. ಹಿಡಿ ತಿರುಗಿಸಿದಾಗಲೆಲ್ಲ ಅದರ ತುದಿ ಹೊಟ್ಟೆಗೆ ತಾಗುತ್ತಿತ್ತು. ಆಕೆ ಮೈ ಹಿಂದಕ್ಕೆ ವಾಲಿಸಿ ತಿರುಗಿಸಿದಳು. ಮೈದಾನ ಸುತ್ತಿ ಬರುವಾಗ ಗಾಳಿ ಮುಖಕ್ಕೆ ಹೊಡೆಯಿತು. ನೆಲದಿಂದ ಅಷ್ಟು ಮೇಲೆ, ಅಷ್ಟು ಬೇಗ, ಅವಳು ಯಾವತ್ತೂ ಹೋಗಿರಲಿಲ್ಲ.

ಬಿಳಿ ಹೆಂಗಸು ಕಣ್ಣೊರೆಸಿಕೊಂಡು ಅವಳ ಕೊರಳಿಗೆ ಪ್ಲಾಸ್ಟಿಕ್ಕಿನ ಪದಕ ಹಾಕಿದಳು. ಫೋಟೋ ತೆಗೆದರು. ಅತಿಥಿಗಳು ಶಾಮಿಯಾನಕ್ಕೆ ಕೋಳಿ ಅನ್ನ ಉಣ್ಣಲು ಹೋದರು. ಹಳದಿ ಬನಿಯನ್ನಿನ ಇಬ್ಬರು ಆಳುಗಳು ಲಾರಿಯ ಹಲಗೆ ಇಳಿಸಿದರು.

"ಇಳಿಯಮ್ಮ, ಗಾಡಿ ಹೇರ್ಬೇಕು" ಅಂದರು ಗೊಂಡ್ವೆ.

"ಇದು ನನ್ದು ಸಾಮಿ. ಗೆದ್ದೆನಲ್ಲ."

"ಗೆದ್ದೆ. ಬಹುಮಾನ ಪ್ರದಾನ ಆಯ್ತು. ಚಪ್ಪಾಳೆ ತಟ್ಟಿದ್ರು. ಈಗ ಮುಗೀತು." ಸಿಟ್ಟಿಲ್ಲದೆ, ದಡ್ಡ ಹುಡುಗನಿಗೆ ಲೆಕ್ಕ ಹೇಳುವ ಮೇಷ್ಟ್ರಂತೆ ವಿವರಿಸಿದರು. "ನಾಳೆ ಇನ್ನೊಂದು ಜಿಲ್ಲೇಲಿ ಇದೇ ಕಾರ್ಯಕ್ರಮ ಇದೆ. ಅಲ್ಲೂ ನಿನ್ನಂಥವರು ಇದಾರೆ. ಅವರೂ ಗೆಲ್ಬೇಡ್ವಾ? ನಿಂಗೆ ಸೋಪು ಕೊಡ್ತೀವಿ."

"ಅವ್ರಿಗೂ ಕೊಡಾಕಿಲ್ವಾ?"

"ಯಾರಿಗೂ ಕೊಡಲ್ಲ. ಅದಕ್ಕೇ ಎಲ್ಲರಿಗೂ ಸಮ."

ಮಾಕಿನಾ ಬೆತ್ತ ಹಿಡಿದುಕೊಂಡು ಓಡಿ ಬಂದ. "ಇಳಿಯೇ ರಂಡೆ! ತೋಟದ ಮಾನ ಕಳೀತೀಯಾ?"

ಎನಿಫಾ ಬ್ರೇಕು ಬಿಟ್ಟಳು. ಗಾಡಿ ಮೈದಾನದ ಗೇಟಿನತ್ತ ಹೊರಟಿತು. ಯಾರೂ ಅಂದುಕೊಂಡಿರಲಿಲ್ಲ, ಅವಳೂ ಅಂದುಕೊಂಡಿರಲಿಲ್ಲ. ಗೇಟು ದಾಟಿದರೆ ಇಳಿಜಾರು.

ಶಾಮಿಯಾನದಲ್ಲಿ ಬಿಳಿ ಹೆಂಗಸು ಕೋಳಿ ಕಾಲು ಕೆಳಗಿಟ್ಟು ಎದ್ದಳು. ಅವಳು ಎಲ್ಲಿಗೆ ಹೋಗ್ತಿದಾಳೆ ಅಂತ ಕೇಳಿದಳು. ಗೊಂಡ್ವೆ, ಗಾಡಿ ಸಿಕ್ಕ ಸಂತೋಷಕ್ಕೆ ಊರಿಗೆಲ್ಲ ತೋರಿಸಲು ಹೊರಟಿದ್ದಾಳೆ ಅಂದರು. ಆಕೆ ಎದೆಗೆ ಕೈಯಿಟ್ಟುಕೊಂಡಳು. ಇದನ್ನು ವಿಡಿಯೋ ಮಾಡಲೇಬೇಕು ಅಂದಳು. ಹೀಗಾಗಿ ಟಾರು ರಸ್ತೆ ಸೇರುವವರೆಗೆ ಆರು ಕಿಲೋಮೀಟರು ಎನಿಫಾ ಮುಂದೆ, ಹಿಂದೆ ಅತಿಥಿಯ ಜೀಪು, ಅದರ ಹಿಂದೆ ಗೊಂಡ್ವೆ ಸಾಹೇಬರ ಜೀಪು, ಎಲ್ಲಕ್ಕಿಂತ ಹಿಂದೆ ಎರಡು ಗಾಡಿ ಹೇರಿಕೊಂಡ ಲಾರಿ. ಟೀ ಸಾಲುಗಳ ನಡುವೆ ಮಂತ್ರಿಯ ಮೆರವಣಿಗೆಯ ಹಾಗೆ ಹೋದವು.

ಚಪ್ಪಾಳೆಯ ಸಾಲು ಬಿಟ್ಟು ವೈಸನ್ ಓಡಿ ಬಂದಿದ್ದ. "ಸೋಮ್ವಾರ ಕೆಲ್ಸಕ್ಕೆ ಬರ್ಬೇಡ ಬೋಳಿಮಗನೆ!" ಅಂತ ಮಾಕಿನಾ ಕೂಗಿದ್ದು ಅವನಿಗೆ ಕೇಳಿಸಿತ್ತು.

"ಏನಂದ?" ಅಂದಳು ಎನಿಫಾ.

"ಸೋಮ್ವಾರದ ಇಚಾರ. ಇವತ್ತು ಶನಿವಾರ" ಅಂದ ವೈಸನ್. ಏರಿನಲ್ಲಿ ಹಿಂದಿನಿಂದ ತಳ್ಳಿದ.

ಟಾರು ರಸ್ತೆಯಲ್ಲಿ ಅತಿಥಿಯ ಜೀಪು ಬ್ಲಾಂಟೈರ್ ನಗರದ ಕಡೆ ತಿರುಗಿತು. ಕಿಟಕಿಯಿಂದ ಬಿಳಿ ಕೈಯೊಂದು ಬಹಳ ಹೊತ್ತು ಆಡಿತು. ಅದು ಮರೆಯಾದದ್ದೇ ತಡ, ಗೊಂಡ್ವೆ ಸಾಹೇಬರ ಜೀಪು ಬಂದು ಎನಿಫಾಳಿಗೆ ಅಡ್ಡ ನಿಂತಿತು. ಅಲ್ಲೇ ಕೂಡುರಸ್ತೆಯ ಸಂತೆ. ಟೊಮೆಟೊ, ಒಣಮೀನು ಮಾರುವ ಹೆಂಗಸರು ತಲೆ ಎತ್ತಿದರು.

"ಎತ್ರೋ ಅವಳನ್ನ. ಕೆಳಗೆ ಕೂರಿಸಿ" ಅಂದರು ಗೊಂಡ್ವೆ. ಈಗ ಅವರ ದನಿಯಲ್ಲಿ ಮೇಷ್ಟ್ರು ಇರಲಿಲ್ಲ.

ಹಳದಿ ಬನಿಯನ್ನಿನವರು ಎರಡು ಕಡೆಯಿಂದ ತೋಳು ಹಿಡಿದರು. ವೈಸನ್ ಅಡ್ಡ ಬಂದ, ಒಬ್ಬ ಅವನನ್ನು ಚರಂಡಿಗೆ ತಳ್ಳಿದ. ಎನಿಫಾ ತೋಳು ಕೊಡವಿ, ಮೈಗೆ ಮೂರು ಸುತ್ತು ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಹೊಟ್ಟೆ ಹೊರಬಂತು. ಹಿಡಿ ತಾಗಿದ ಕಡೆ ಚರ್ಮ ಕಂದಿತ್ತು.

"ಮುಟ್ಲಾ" ಅಂದಳು. "ಎತ್ತು. ಇಲ್ಲೇ ನೋವು ಬತ್ತದೆ. ಹೋದ ಕೂಸು ಆಸ್ಪತ್ರೆಗೆ ವೋಗಾವಾಗ ಇದೇ ರಸ್ತೇಲಿ ಸತ್ತದ್ದು. ಈ ಸಲ ನಿನ್ನ ಕೈಯಾಗೇ ಕೊಡ್ತೀನಿ, ಇಡ್ಕಂಡು ಫೋಟೋ ತಕ್ಕಾ."

ಆಳುಗಳು ಕೈ ತೆಗೆದರು. ಗೊಂಡ್ವೆ ಮುಖ ಆಚೆ ತಿರುಗಿಸಿದರು. ಅವಳು ಬಸುರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಒಣಮೀನಿನ ಹೆಂಗಸೊಬ್ಬಳು ಎದ್ದು ನಿಂತು, "ಏ ಬಿಳಿ ಅಂಗಿ, ನಿಮ್ಮವ್ವ ನಿನ್ನ ಜೀಪಿನಾಗೆ ಹೆತ್ತಿದ್ಲೇನೋ?" ಅಂದಳು. ಸಂತೆ ನಕ್ಕಿತು. ನಾಲ್ಕೈದು ಜನ ತಕ್ಕಡಿ ಬಿಟ್ಟು ರಸ್ತೆಗೆ ಬಂದರು.

ಗೊಂಡ್ವೆ ಜೀಪು ಹತ್ತಿದರು. ಆಳುಗಳಿಗೆ ಹೇಳಿದ್ದು ಎನಿಫಾಳಿಗೂ ಕೇಳಿಸಿತು: "ಆಸ್ಪತ್ರೇಲಿ ಇಳೀಲೇಬೇಕಲ್ಲ. ಲಾರೀಲಿ ಹಿಂದೆ ಹೋಗಿ. ಇಳಿದ ತಕ್ಷಣ ಎತ್ತಾಕ್ಕೊಂಡು ಬನ್ನಿ."

ಉಳಿದ ಹತ್ತು ಕಿಲೋಮೀಟರು ಲಾರಿ ಅವಳ ಹಿಂದೆ ಅವಳ ವೇಗದಲ್ಲೇ ಬಂತು. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ಒಡೆಯಿತು. ಚಪ್ಪಲಿ ಹಾಕುವ ಅಂಗೈಯ ಚರ್ಮ ಇಪ್ಪತ್ತೆಂಟು ವರ್ಷದಲ್ಲಿ ಕಲ್ಲಾಗಿತ್ತು. ಬೆರಳ ಸಂದಿಯದು ಮಾತ್ರ ಹೊಸದು.

ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದ ಹೊರಗೆ ಕಾವಲುಗಾರ ವೈಸನ್‌ನನ್ನು ತಡೆದ. ಗಂಡಸರು ಇಲ್ಲಿಂದಾಚೆ ಹೋಗುವ ಹಾಗಿರಲಿಲ್ಲ. ಆಳುಗಳು ಲಾರಿಯಿಂದಿಳಿದು ಕಟ್ಟೆಯ ಮೇಲೆ ಕೂತು ಮಂಡಾಸಿ ಎಂಬ ಕರಿದ ಹಿಟ್ಟಿನುಂಡೆ ತಿನ್ನತೊಡಗಿದರು. ಎನಿಫಾ ಒಬ್ಬಳೇ ಗಾಡಿ ತಿರುಗಿಸಿಕೊಂಡು ಬಾಗಿಲವರೆಗೆ ಹೋದಳು.

ಬಾಗಿಲಲ್ಲಿ ಹಸಿರು ಉಡುಪಿನ ಆಯಾ ನಿಂತಿದ್ದಳು. ಆಸ್ಪತ್ರೆ ಪುಸ್ತಕ ತಿರುವಿ ನೋಡಿದಳು. "ಕುಯ್ಯೋ ಕೇಸು. ಒಳಗೆ ಬಾ. ಗಾಡಿ ಅಲ್ಲೇ ಬಿಡು."

ಕಟ್ಟೆಯ ಮೇಲಿದ್ದವರು ಕೈ ಒರೆಸಿಕೊಂಡು ಎದ್ದರು.

"ಗಾಡೀಲೇ ಬತ್ತೀನಿ ಅಕ್ಕ."

"ಬಾಗಿಲು ಸಾಲಲ್ಲಮ್ಮ. ನೋಡು, ಇಷ್ಟೇ ಜಾಗ."

ನಿಜ. ಎರಡು ಪಟ್ಟಿಯ ಬಾಗಿಲು. ಒಂದು ಪಟ್ಟಿ ಮಾತ್ರ ತೆರೆದಿತ್ತು.

"ಆ ಇನ್ನೊಂದು?"

"ಅದನ್ನ ಯಾವತ್ತೂ ತೆಗೆದಿಲ್ಲ. ನಾನು ಬಂದು ಹನ್ನೊಂದು ವರ್ಷ ಆಯ್ತು."

ಮೇಲಿನ ಚಿಲಕ ಎಂದೋ ಮುರಿದು ಬಿದ್ದಿತ್ತು. ಕೆಳಗೆ, ನೆಲದ ಹತ್ತಿರ, ಇನ್ನೊಂದಿತ್ತು. ಅದರ ಮೇಲೆ ಎರಡು ಮೂರು ಸಲ ಬಣ್ಣ ಬಳಿದಿದ್ದರು. ನಿಂತವರ ಕಣ್ಣಿಗೆ ಬೀಳುವ ಜಾಗವಲ್ಲ ಅದು. ಎನಿಫಾ ಗಾಡಿಯನ್ನು ಅಡ್ಡ ತಂದು ಬ್ರೇಕು ಹಾಕಿದಳು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಾಗಿ, ಇನ್ನೊಂದು ಕೈಯಲ್ಲಿ ಚಿಲಕ ಹಿಡಿದು ಎಳೆದಳು. ಬರಲಿಲ್ಲ. ಸೀಟಿನ ಪಕ್ಕಕ್ಕಿಟ್ಟಿದ್ದ ಕೈಯ ಚಪ್ಪಲಿ ತೆಗೆದು ಅದರ ಅಂಚಿನಿಂದ ಬಡಿದಳು. ಬಣ್ಣ ಹೊಟ್ಟಾಗಿ ಉದುರಿತು. ಮತ್ತೆ ಎಳೆದಳು. ಚಿಲಕ ಕಿರುಗುಟ್ಟಿ ಮೇಲೆ ಬಂತು.

"ಏಯ್! ಅದನ್ನ ತೆಗೆಯೋಕೆ ನಿಂಗೆ ಹೇಳಿದ್ಯಾರು?" ಅಂದಳು ಆಯಾ.

ಆಳುಗಳು ಬಾಗಿಲಿನತ್ತ ಹೊರಟಿದ್ದರು. ಕಾವಲುಗಾರ ಕೋಲು ಅಡ್ಡ ಹಿಡಿದ. ಗಂಡಸರು ಇಲ್ಲಿಂದಾಚೆ ಹೋಗುವ ಹಾಗಿರಲಿಲ್ಲ.

ಎನಿಫಾ ಬಾಗಿಲಿನ ಎರಡನೆಯ ಪಟ್ಟಿಯನ್ನು ಗಾಡಿಯ ಮುಂದಿನ ಗಾಲಿಯಿಂದ ತಳ್ಳಿದಳು. ಹನ್ನೊಂದು ವರ್ಷದ ಧೂಳು ನೆಲದ ಮೇಲೆ ಅರ್ಧಚಂದ್ರದ ಗೆರೆ ಎಳೆಯಿತು. ಒಳಗೆ ಬೆಂಚಿನ ತುಂಬ ಬಸುರಿಯರು. ಅವರು ಕಾಲು ಒಳಕ್ಕೆಳೆದುಕೊಂಡು ದಾರಿ ಬಿಟ್ಟರು. ಆಕೆ ಸಾಲಿನ ಕೊನೆಗೆ ಹೋಗಿ ಬ್ರೇಕು ಹಾಕಿದಳು.

"ಗಾಡಿ ಯಾರ್ದವ್ವ?" ಅಂತ ಪಕ್ಕದವಳು ಕೇಳಿದಳು.

"ನನ್ದು" ಅಂದಳು ಎನಿಫಾ.