ಬಾಲ ಕತ್ತರಿಸದ ಪತ್ರ

ಒಂಬತ್ತು ವರ್ಷದ ಹಿಂದೆ ವೋಲ್ಕ್‌ಮಾರ್ ಹೆನ್ನಿಗ್ ಎಂಬ ಮಹಾಶಯ ನಾನ್ನೂರು ಜನರ ಎದುರು ಇರ್ಮೇಲಾಳ ಮಾನ ಹರಾಜು ಹಾಕಿದ್ದ. ಆ ನಾನ್ನೂರು ಜನರೂ ಅದನ್ನು ಮರೆತಿದ್ದರು. ಇರ್ಮೇಲಾ ಮರೆತಿರಲಿಲ್ಲ. ಮರೆಯಲು ಅವಳೇನು ಕಲ್ಲೇ?

ಆಗ ಅವಳು ಉತ್ತರ ಜರ್ಮನಿಯ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ನೋಡಿಕೊಳ್ಳುತ್ತಿದ್ದಳು. ಪಟ್ಟಿ ಇಡುವ ತಂತ್ರಾಂಶವನ್ನು ವೋಲ್ಕ್‌ಮಾರ್ ಮತ್ತು ಅವನ ಗೆಳೆಯರು ಬರೆದು ಪುಕ್ಕಟೆ ಹಂಚಿದ್ದರು. ಅದನ್ನು ಬಳಸುವವರದೆಲ್ಲ ಸೇರಿ ಒಂದು ಇಮೇಲ್ ಬಳಗ; ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. ತಂತ್ರಾಂಶ ಹಳೆಯ ದಾಖಲೆಗಳನ್ನು ತಾನಾಗಿಯೇ ಅಳಿಸುತ್ತಿದೆ ಎಂಬುದನ್ನು ಇರ್ಮೇಲಾ ಕಂಡುಹಿಡಿದು, ಬಳಗದಲ್ಲಿ ಬಂದಿದ್ದ ಪತ್ರವೊಂದಕ್ಕೆ ಉತ್ತರವಾಗಿ ತಿಳಿಸಿದಳು. ಅವಳು ಮಾಡಿದ ತಪ್ಪು ಇಷ್ಟೇ: ತನ್ನ ಮಾತನ್ನು ಮೇಲೆ ಬರೆದು, ಹಿಂದಿನವರ ಪತ್ರವನ್ನೆಲ್ಲ ಕೆಳಗೆ ಹಾಗೇ ಬಿಟ್ಟಿದ್ದಳು. ಬಳಗದ ರಿವಾಜೇ ಬೇರೆ. ಯಾವ ಸಾಲಿಗೆ ಉತ್ತರವೋ ಅದನ್ನಷ್ಟೇ ಉಳಿಸಿ ಅದರ ಕೆಳಗೆ ಬರೆಯಬೇಕು. ಮಿಕ್ಕ ಬಾಲವನ್ನು ಕತ್ತರಿಸಬೇಕು.

ವೋಲ್ಕ್‌ಮಾರ್ ಎಲ್ಲರಿಗೂ ಹೋಗುವಂತೆ ಬರೆದ: “ಮೇಡಂ, ನಿಮ್ಮ ಲೈಬ್ರರೀಲಿ ಪುಸ್ತಕಾನ ಕೊನೇ ಪುಟದಿಂದ ಓದ್ತಾರಾ? ಮೊದಲು ಪತ್ರ ಬರೆಯೋದು ಕಲ್ತು ಬನ್ನಿ. ಆಮೇಲೆ ನಮ್ಮ ತಪ್ಪು ಹುಡುಕೋರಂತೆ.”

ಬಳಗ ಬಿದ್ದು ಬಿದ್ದು ನಕ್ಕಿತು. ಮೂವತ್ತು ಜನ ಒಗ್ಗರಣೆ ಹಾಕಿದರು. ಅವಳು ಹೇಳಿದ್ದೇನೆಂದು ಒಬ್ಬನಾದರೂ ಓದಬೇಕಲ್ಲ! ಮೂರು ತಿಂಗಳಲ್ಲಿ ಅವಳ ಗ್ರಂಥಾಲಯದ ಊರ ಚರಿತ್ರೆಯ ಎರಡು ಸಾವಿರ ದಾಖಲೆ ಮಾಯವಾದವು. ಮೇಲಧಿಕಾರಿ ಅದನ್ನು ಅವಳ ತಲೆಗೇ ಕಟ್ಟಿ, ಪುಸ್ತಕ ವಾಪಸು ತೆಗೆದುಕೊಳ್ಳುವ ಕೌಂಟರಿಗೆ ತಳ್ಳಿದ. ಇವತ್ತಿಗೂ ಅವಳು ಅಲ್ಲೇ ಕೂರುತ್ತಾಳೆ; ಬಳಗದ ಪತ್ರಗಳಲ್ಲಿ ಅವಳ ಸಹಿಯ ಕೆಳಗೂ ‘ವಾಪಸಾತಿ ಕೌಂಟರ್’ ಎಂದೇ ಇರುತ್ತದೆ.

ಆದರೂ ಅವಳು ಬಳಗ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ರಿವಾಜನ್ನೆಲ್ಲ ಕಲಿತಳು. ಎರಡು ವರ್ಷದ ಹಿಂದೆ ಬಳಗದ ಕಾವಲು ಕೆಲಸ ಯಾರಿಗೂ ಬೇಡವಾದಾಗ, “ನಾನ್ ಮಾಡ್ತೀನಿ ಬಿಡಿ” ಎಂದು ವಹಿಸಿಕೊಂಡಳು.

ಈ ಮಂಗಳವಾರ ಬೆಳಿಗ್ಗೆ ಕಾಫಿ ಹಿಡಿದು ಕೂತರೆ, ಒಂದು ಪತ್ರ ಅವಳ ಅಪ್ಪಣೆಗಾಗಿ ಕಾದಿತ್ತು. ತೀರಾ ಉದ್ದದ ಪತ್ರ ಬಂದರೆ ಕಾವಲಿನವರು ಬಿಡುವ ತನಕ ಯಾರಿಗೂ ಹೋಗದು. ಬಾಲ ಕತ್ತರಿಸದವರನ್ನು ಹಿಡಿಯಲೆಂದು ವೋಲ್ಕ್‌ಮಾರನೇ ಮಾಡಿದ್ದ ಏರ್ಪಾಡು ಅದು. ಸಿಕ್ಕಿಬಿದ್ದ ಪತ್ರವೂ ಅವನದೇ!

ಮೇಲೆ ಎರಡೇ ಸಾಲು: ಶುಕ್ರವಾರ ಮೂರು ಗಂಟೆಗೆ ಲೈಪ್ಸಿಗ್‌ನಲ್ಲಿ ನನಗೆ ಸನ್ಮಾನ, ಎಲ್ಲರೂ ಬನ್ನಿ. ಕೆಳಗೆ ಮಾರುದ್ದದ ಬಾಲ. ಸನ್ಮಾನದ ಭಾಷಣ ಬರೆಯುತ್ತಿದ್ದ ಗೆಳೆಯ ಎಕ್ಕೆಹಾರ್ಟ್ ಜೊತೆ ನಡೆದ ಖಾಸಗಿ ಮಾತುಕತೆ ಪೂರ್ತಿ ಅಲ್ಲಿತ್ತು.

“ಹಳೇ ಪತ್ರ ಓದ್ತಿದ್ದೆ. ಆ ಲೈಬ್ರರಿ ಹೆಂಗಸು ಹೇಳಿದ್ದು ಸರಿಯಾಗೇ ಇತ್ತಲ್ಲೋ?” ಎಂದು ಎಕ್ಕೆಹಾರ್ಟ್ ಕೇಳಿದ್ದ.

“ಅವತ್ತೇ ಗೊತ್ತಾಗಿತ್ತು ಕಣೋ. ತಪ್ಪು ನಾನು ಬರೆದ ಭಾಗದಲ್ಲೇ ಇತ್ತು. ಒಪ್ಕೊಂಡಿದ್ರೆ ನನ್ನ ಮುಖಕ್ಕೇ ಮಂಗಳಾರತಿ ಆಗ್ತಿತ್ತು. ಅದಕ್ಕೇ ಅವಳು ಬರೆದ ರೀತಿ ಹಿಡ್ಕೊಂಡು ಎಲ್ಲರನ್ನೂ ನಗಿಸ್ಬಿಟ್ಟೆ. ಆರು ತಿಂಗಳು ಬಿಟ್ಟು ಸದ್ದಿಲ್ಲದೆ ಸರಿ ಮಾಡ್ದೆ.”

“ಅಯ್ಯೋ ಪಾಪಿ!” ಎಂದಳು ಇರ್ಮೇಲಾ, ಬರೀ ಅಡುಗೆಮನೆಗೆ ಕೇಳುವಂತೆ. ಒಂಬತ್ತು ವರ್ಷ ಅವಳು ತಾನೇ ದಡ್ಡಿ ಎಂದುಕೊಂಡಿದ್ದಳು.

ಪತ್ರ ತಡೆಹಿಡಿದಿದೆ ಎಂಬ ಸೂಚನೆ ವೋಲ್ಕ್‌ಮಾರನಿಗೂ ತಾನಾಗಿ ಹೋಗಿತ್ತು. ಹತ್ತೇ ನಿಮಿಷದಲ್ಲಿ ಅವನ ಫೋನು ಬಂತು.

“ಇರ್ಮೇಲಾ ಅವರೇ, ಒಂದು ಪತ್ರ ಕೈತಪ್ಪಿ ಬಂದಿದೆ. ಅದನ್ನ ಎಸೆದ್ಬಿಡಿ.”

“ಓದಿದೆ.”

“ಖಾಸಗಿ ಪತ್ರಾನ ಬಳಗಕ್ಕೆ ತರಬಾರದು ಅಂತ ನಿಯಮ ಇದೆಯಲ್ರೀ” ಎಂದ.

“ನಾನೆಲ್ಲಿ ತಂದೆ? ಬಳಗಕ್ಕೆ ಕಳಿಸಿರೋರು ನೀವು.”

“ದಯವಿಟ್ಟು ಕಣ್ರೀ. ಶುಕ್ರವಾರ ಸನ್ಮಾನ. ನನ್ನ ಇಡೀ ಜೀವಮಾನದ ಕೆಲಸಕ್ಕೆ.”

ಅವಳ ಮನಸ್ಸು ಒಂದು ಗಳಿಗೆ ಕರಗಿತು; ಇಲ್ಲವೆಂದರೆ ಸುಳ್ಳಾದೀತು. “ಸರಿ, ಎಸೀತೀನಿ. ಆದ್ರೆ ಮಧ್ಯಾಹ್ನದೊಳಗೆ ನೀವೇ ಬಳಗಕ್ಕೆ ಬರೀಬೇಕು. ತಪ್ಪು ನಂದಿತ್ತು, ಅವಳದಲ್ಲ ಅಂತ. ಒಂದೇ ಸಾಲು ಸಾಕು.”

“ನಾನ್ನೂರು ಜನರ ಎದುರಾ? ಈ ವಯಸ್ಸಲ್ಲಾ?” ವೋಲ್ಕ್‌ಮಾರನ ದನಿ ಏರಿತು. “ನೀವೇನೋ ಕೌಂಟರಲ್ಲಿ ಕೂತ್ಕೊಳ್ಳೋರು, ನಿಮಗೆ ಹೋಗೋದೇನಿದೆ? ನನಗೊಂದು ಹೆಸರಿದೆ ಕಣ್ರೀ!”

ಇರ್ಮೇಲಾಳ ಪರದೆಯ ಮೇಲೆ ಎರಡು ಗುಂಡಿಗಳಿದ್ದವು, ಒಂದು ಎಸೆಯಲು, ಒಂದು ಬಿಡಲು. ಬಿಡುವುದನ್ನು ಒತ್ತಿದಳು.

ಪತ್ರ ನಾನ್ನೂರು ಜನರಿಗೂ ಹೊರಟಿತು. ಅವನೂ ಬಳಗದವನೇ ತಾನೇ? ಅವನು ಇನ್ನೂ ತನ್ನ ಹೆಸರಿನ ವಿಚಾರ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಫೋನಿನ ಆಚೆ, ಅವನ ಮೇಜಿನ ಮೇಲೆ, ಕಂಪ್ಯೂಟರು ‘ಟಿಣ್’ ಎಂದದ್ದು ಇವಳಿಗೂ ಕೇಳಿಸಿತು.

“ಬಂತಾ?” ಎಂದು ಕೇಳಿದಳು ಇರ್ಮೇಲಾ.