ಬೀಗರ ಪಂಕ್ತಿಗೆ ಗಾನವಿಯ ಎಲೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವರ್ಷವೇ, ದೇವನೂರಿನ ಚಿಕ್ಕಬಸಪ್ಪನ ಮನೆಯಲ್ಲಿ ಒಂದು ಮಾತಾಡುವ ಗಿಣಿ ಇತ್ತಂತೆ. ಗಿಣಿಗೆ ರೆಕ್ಕೆಯ ಬದಲು ಎರಡು ಜುಟ್ಟು. ಹೆಸರು ಗಾನವಿ, ವಯಸ್ಸು ನಾಲ್ಕು. ಚಿಕ್ಕಬಸಪ್ಪನ ಮಗಳು ಚೈತ್ರ ಎರಡನೇ ಬಾಣಂತನಕ್ಕೆ ತವರಿಗೆ ಬಂದಾಗ, ಅಮ್ಮನ ಸೆರಗು ಹಿಡಿದು ಬಂದ ಮೊಮ್ಮಗಳು ಅವಳು.

ತಾತನಿಗೆ ತನ್ನ ಗಿಣಿಯ ಮೇಲೆ ಬಲು ಹೆಮ್ಮೆ. ಮನೆಗೇ ಅಂಟಿಕೊಂಡ ಅವನ ದಿನಸಿ ಅಂಗಡಿಗೆ ಯಾರೇ ಬರಲಿ, "ಹೇಳು ಮಗಾ" ಅಂದರೆ ಸಾಕು, ಒಂದರಿಂದ ನೂರರವರೆಗೆ ಗಡಗಡ ಒಪ್ಪಿಸುತ್ತಿದ್ದಳು.

ಒಂದು ದಿನ ತಿ. ನರಸೀಪುರದಿಂದ ಬೀಗರು, ಚೈತ್ರಳ ಮಾವ ಗಂಗಾಧರಸ್ವಾಮಿ, ಕೂಸು ನೋಡಲು ಬಂದರು. ಗಾನವಿ ನೂರರವರೆಗೂ ಒಪ್ಪಿಸಿದಳು. ಜಗಲಿಯಲ್ಲಿ ಕೂತಿದ್ದವರೆಲ್ಲ ಭೇಷ್ ಅಂದರು. ತಾತ ಉಬ್ಬಿಹೋದ.

"ಓಗು ಮಗಾ, ಕಾಫಿಗೆ ನಾಲ್ಕು ಲೋಟ ತಗಂಬಾ."

ಗಾನವಿ ಒಳಗೆ ಓಡಿದಳು. ಬಂದಾಗ ತೋಳಿನ ತುಂಬ ಲೋಟ! ಅವುಚಿಕೊಳ್ಳಲು ಆದಷ್ಟನ್ನೂ ತಂದಿದ್ದಳು. ಹೊಸಿಲು ದಾಟುವಾಗ ಎಲ್ಲವೂ ಟಣಟಣ ಎಂದು ಉರುಳಿ ಅಂಗಳ ಸೇರಿದವು.

"ಇದೇನ್ರೀ ಬೀಗ್ರೇ! ನೂರು ಬತ್ತದೆ, ನಾಲ್ಕು ಬರಕ್ಕಿಲ್ವಾ?" ಗಂಗಾಧರಸ್ವಾಮಿ ಹೊಟ್ಟೆ ಹಿಡಿದು ನಕ್ಕರು.

ಗಾನವಿ ಅಕ್ಕಿ ಮೂಟೆಯ ಹಿಂದೆ ಅವಿತು ಬಿಕ್ಕಿದಳು. ಮೊಮ್ಮಗಳ ಅಳು ಕೇಳಿ ತಾತನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ನಗ್ಬೇಡಿ! ತೊಟ್ಟಿಲು ಶಾಸ್ತ್ರದ ದಿನ ನಿಮ್ಮ ಪಂಕ್ತಿಗೆ ಎಲೆ ಹಾಕೋಳು ಇವಳೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಇದು ನನ್ ಮಾತು!"

ಮಾತೇನೋ ಕೊಟ್ಟಾಯಿತು. ಬೀಗರು ಬಸ್ಸು ಹತ್ತಿದ ಮೇಲೆ ತಾತ ಸುಮ್ಮನೆ ಕೂರಲಿಲ್ಲ. ನಂಜನಗೂಡಿಗೆ ಹೋಗಿ ದಪ್ಪನೆ ಮಗ್ಗಿ ಪುಸ್ತಕ, ಸ್ಲೇಟು ತಂದು, ಕೈ ಹಿಡಿದು ತಿದ್ದಿಸಲು ಕೂತ. ಗಾನವಿ ತುಟಿ ಬಿಗಿದಳು. "ಹೇಳು ಮಗಾ" ಅಂದರೂ ಇಲ್ಲ, ಮಿಠಾಯಿ ತೋರಿಸಿದರೂ ಇಲ್ಲ. ಗಿಣಿ ಮೂಕವಾಗಿತ್ತು.

ಬಾಣಂತಿಯನ್ನು ವಿಚಾರಿಸಲು ಬಂದ ಅಂಗನವಾಡಿ ಟೀಚರ್ ವನಿತಾ ಇದನ್ನು ಕಂಡಳು. ಪಕ್ಕದ ಬೀದಿಯವಳೇ, ಸಲಿಗೆಯ ಹೆಣ್ಣುಮಗಳು.

"ದೊಡ್ಡಪ್ಪ, ಇವಳಿಗೆ ನೂರು ಬರೋದು ಹಾಡು ಬಂದಂಗೆ. ನಾಲ್ಕು ಅಂದ್ರೆ ಎಷ್ಟು ಅಂತ ಕೈಗೆ ಗೊತ್ತಿಲ್ಲ. ಮೊದ್ಲು ಕೈಗೆ ಕಲ್ಸಿ, ತಲೆಗೆ ತಾನೇ ಹತ್ತುತ್ತೆ."

"ನಿಮ್ ಅಂಗನವಾಡಿಲಿ ಬರೀ ಆಟ ಆಡುಸ್ತೀರಂತಲ್ಲವ್ವ. ಆಟ ಆಡಿ ಯಾರು ಡಿಸಿ ಆಗವ್ರೆ?"

"ನಾಲ್ಕು ವರ್ಷಕ್ಕೇ ಮಗ್ಗಿ ಪುಸ್ತಕ ಹಿಡ್ದು ಯಾರು ಆಗವ್ರೆ ದೊಡ್ಡಪ್ಪ?"

ಒಳಗಿಂದ ಮಂಗಳಗೌರಿ ಅಜ್ಜಿ ಕಿಸಕ್ಕನೆ ನಕ್ಕಳು.

ವನಿತಾ ನೆಲದ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಗಾನವಿಯ ಕೈಗೆ ಬೆಲ್ಲದ ಚೂರುಗಳನ್ನು ಕೊಟ್ಟಳು.

"ನೋಡೇ, ಈ ಬಟ್ಟಲುಗಳಿಗೆಲ್ಲ ಹಸಿವಂತೆ. ಒಂದೊಂದಕ್ಕೂ ಒಂದೊಂದೇ ಚೂರು. ಯಾವುದೂ ಉಪವಾಸ ಇರಬಾರ್ದು."

ಗಾನವಿ ಮೆಲ್ಲಗೆ ಹಾಕಿದಳು. ಇದಕ್ಕೊಂದು, ಇದಕ್ಕೊಂದು. ಕೊನೆಗೆ ಒಂದು ಚೂರು ಮಿಕ್ಕಿತು.

"ಮಿಕ್ಕಿದ್ದು ಯಾರಿಗೆ?"

"ನಂಗೆ!" ಎಂದವಳೇ ಬಾಯಿಗೆ ಹಾಕಿಕೊಂಡಳು. ಗಿಣಿ ಮತ್ತೆ ಮಾತಾಡಿತ್ತು!

"ಇಷ್ಟೇನಾ?" ಅಂದ ತಾತ, ಇನ್ನೂ ಅನುಮಾನದಲ್ಲೇ.

"ಇಷ್ಟೇ. ದಿನಾ ಮಾಡಿ. ತಪ್ಪಿದ್ರೆ ಗದರ್ಬೇಡಿ, ಜೊತೆಗೇ ಇನ್ನೊಂದ್ಸಲ ಎಣಿಸಿ. ಕಾಳು ಗೀಳು ಕೊಟ್ಟಾಗ ಮಾತ್ರ ಪಕ್ಕದಲ್ಲೇ ಇರಿ. ಮಕ್ಕಳು ಮೂಗಿಗೆ ತುರುಕ್ಕೋತಾವೆ."

ಅವತ್ತಿನಿಂದ ಅಂಗಡಿಯೇ ಆಟದ ಮನೆಯಾಯಿತು. ದಪ್ಪ ಈರುಳ್ಳಿ ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ. ಅಜ್ಜಿ ಹೂ ಕಟ್ಟುವಾಗ ಒಂದು ಮಲ್ಲಿಗೆ, ಒಂದು ಕನಕಾಂಬರ, "ಮುಂದೆ ಯಾವ್ದವ್ವ?" ಎಂದು ಅಜ್ಜಿ ಕೇಳಿದರೆ ಗಾನವಿ ಸರಿಯಾದ ಹೂವನ್ನೇ ಎತ್ತಿ ಕೊಡುತ್ತಿದ್ದಳು. ಮೊರದಲ್ಲಿ ರಾಗಿ ಹಿಟ್ಟು ಹರಡಿ, ಅದರ ಮೇಲೆ ಬೆರಳಲ್ಲಿ ತನ್ನ ಹೆಸರಿನ 'ಗ' ಬರೆಯುವುದು. ತಪ್ಪಾದರೆ ಮೊರ ಅಲ್ಲಾಡಿಸಿದರಾಯಿತು, ಎಲ್ಲ ಮಾಯ.

ಒಂದು ಮಧ್ಯಾಹ್ನ ಅವಳು ಅಂಗಡಿಯೇ ಅದುರುವಂತೆ ಕೂಗಿದಳು. "ತಾತಾ! ಈ ಡಬ್ಬಿ ಮೇಲೆ ನನ್ 'ಗ' ಐತೆ! ಎರಡು ಐತೆ!"

ಅದು ಗಸಗಸೆಯ ಡಬ್ಬಿ. ಚಿಕ್ಕಬಸಪ್ಪ ಕನ್ನಡಕ ಏರಿಸಿ ನೋಡಿದ. "ಬರೆದೋನು ನಾನೇ, ನಂಗೇ ಕಂಡಿರ್ನಿಲ್ವಲ್ಲ!" ಎಂದು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮಗ್ಗಿ ಪುಸ್ತಕ ಅಟ್ಟ ಸೇರಿತು.

ತೊಟ್ಟಿಲು ಶಾಸ್ತ್ರದ ದಿನ ಬಂತು. ಬೀಗರ ಕಡೆಯವರು ಸಾಲಾಗಿ ಕೂತರು. ಗಾನವಿ ಬಾಳೆಲೆ ಹಿಡಿದು ಬಂದಳು. ಅಜ್ಜಿ ಕಿವಿಯಲ್ಲಿ, "ತುದಿ ಎಡಕ್ಕೆ ಬರ್ಬೇಕು. ಉಣ್ಣೋ ಕೈ ಬಲ, ಇನ್ನೊಂದು ಎಡ" ಎಂದಳು.

"ಈ ತಾತಂಗೆ ಒಂದು. ಈ ಅಜ್ಜಿಗೆ ಒಂದು. ಈ ಮಾವಂಗೆ ಒಂದು..."

ಸಾಲು ಮುಗಿಯಿತು, ಎಲೆಯೂ ಮುಗಿಯಿತು. ತಾತ ಉಸಿರು ಬಿಡುವಷ್ಟರಲ್ಲಿ ತಡವಾದ ಬಸ್ಸಿನಿಂದ ಇಳಿದ, ಬೀಗರ ನೆಂಟರಾದ ಸೋಸಲೆ ಊರಿನ ಗಂಡ ಹೆಂಡತಿ ಬಂದು ಸಾಲಿನ ಕೊನೆಯಲ್ಲಿ ಕೂತರು. ಗಾನವಿಯ ಕೈ ಖಾಲಿ. ಎಲ್ಲರ ಕಣ್ಣೂ ಅವಳ ಮೇಲೆ. ತಾತ ಎಲೆ ತರಲು ದಡಬಡ ಎದ್ದ.

"ಕೂತ್ಕಳಿ ದೊಡ್ಡಪ್ಪ," ಶಾಸ್ತ್ರಕ್ಕೆ ಬಂದಿದ್ದ ವನಿತಾ ಪಿಸುಗುಟ್ಟಿದಳು. "ಅವಳೇ ನೋಡ್ಕೋತಾಳೆ."

ಗಾನವಿ ಖಾಲಿ ನೆಲ ನೋಡಿದಳು. ಬೆರಳು ಮಡಚಿದಳು. "ಅಜ್ಜೀ, ಇನ್ನೂ ಎರಡು ಬೇಕು!" ಎನ್ನುತ್ತಾ ಅಡುಗೆಮನೆಗೆ ಓಡಿದಳು.

"ಬೀಗ್ರೇ," ಅಂದ ಚಿಕ್ಕಬಸಪ್ಪ, ಗಂಗಾಧರಸ್ವಾಮಿಯ ಕಡೆ ತಿರುಗಿ, "ನಿಮ್ಮೂರಿಗೆ ಬಂದ್ಮೇಲೆ ಮಗೀನ ಅಂಗನವಾಡಿಗೆ ಕಳ್ಸಿ. ಮನೇಲೂ ಆಟ ಆಡ್ಸಿ."

"ಕಳುಸ್ತೀನಿ ಕಣ್ರೀ. ನಾನೇ ಕೂತು ಆಡುಸ್ತೀನಿ," ಅಂದರು ಗಂಗಾಧರಸ್ವಾಮಿ.

ಅವಳು ಎಲೆ ತರುವಷ್ಟರಲ್ಲಿ ನಿಮಗೂ ಒಂದು ಮಾತು. ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಬಟ್ಟಲಿದೆ, ಈರುಳ್ಳಿ ಇದೆ, ಮೊರದ ತುಂಬ ಹಿಟ್ಟಿದೆ. ಇವತ್ತು ಸಂಜೆ ಊಟಕ್ಕೆ ತಟ್ಟೆ ಇಡುವ ಕೆಲಸ ನಿಮ್ಮ ಪುಟ್ಟ ಮಗುವಿಗೆ ಕೊಡಿ. ಅಂಗಡಿ ಬೋರ್ಡಿನಲ್ಲಿ, ಬಸ್ಸಿನ ಹಣೆಯ ಮೇಲೆ ಅದರ ಹೆಸರಿನ ಅಕ್ಷರ ಹುಡುಕಿಸಿ. ಅವಸರ ಮಾಡಬೇಡಿ, ಹೊಡೆಯಬೇಡಿ, ಜೊತೆಗೆ ಕೂತು ನಗಿ. ನಿಮ್ಮೂರ ಅಂಗನವಾಡಿಗೆ ತಪ್ಪದೆ ಕಳಿಸಿ.

ಅಗೋ, ಬಂದಳು! ಎರಡೇ ಎರಡು ಎಲೆ. ಗಂಡನ ಮುಂದೆ ಒಂದು, ಹೆಂಡತಿಯ ಮುಂದೆ ಒಂದು, ತುದಿ ಎಡಕ್ಕೆ. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ, ಗಾನವಿ ಸೊಂಟಕ್ಕೆ ಕೈಯಿಟ್ಟು ಕೂಗಿದಳು:

"ಅಜ್ಜೀ, ಎಲ್ಲಾರ್ಗೂ ಆಯ್ತು! ಬಡುಸು!"